ಒಂದೇ ಲಾಟ್

ಫೆಬ್ರವರಿ ೪

ತಮ್ಮಾ,

ಅಪ್ಪನ ಕಾರ್ಯ ಮುಗಿಸಿ ನೀನು ಬಸ್ಸು ಹತ್ತಿದ್ದೇ ತಡ, ಇಲ್ಲಿ ಮಾತು ಶುರುವಾಯಿತು. ನೀನಿರುವ ತನಕ ಅಣ್ಣ ತುಟಿ ಬಿಚ್ಚಿರಲಿಲ್ಲ. ಅವನಿಗೆ ಅಂಗಡಿ ಬೇಕಂತೆ. ಅಪ್ಪ ಜೀವಮಾನವೆಲ್ಲ ಕೂತು ಫೋಟೋಗಳಿಗೆ ಕಟ್ಟು ಹಾಕಿದ ಜಾಗದಲ್ಲಿ ಇವನ ಡ್ರೈವಿಂಗ್ ಸ್ಕೂಲಿನ ಬೋರ್ಡು ಬರುತ್ತದಂತೆ. ಮೂಲೆ ಅಂಗಡಿ, ಎರಡು ಬೀದಿಗೂ ಕಾಣುತ್ತದೆ, ಇಂಥ ಜಾಗ ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂತ ಅತ್ತಿಗೆಯೂ ದನಿಗೂಡಿಸಿದರು. ಮಹಡಿಯ ಮೇಲಿನ ಎರಡು ಕೋಣೆಗಳನ್ನು ಮಾರಿ ನಾನು ನೀನು ಹಂಚಿಕೊಳ್ಳಬೇಕಂತೆ.

ಆ ಎರಡು ಕೋಣೆಗಳಲ್ಲಿ ಒಬ್ಬರು ಇದ್ದಾರೆ ಎಂಬುದನ್ನು ಯಾರೂ ಎತ್ತಲಿಲ್ಲ. ಅಮ್ಮ ಹೋದ ಮೇಲೆ ನಮ್ಮ ಮೂವರ ಮೂಗು ಒರೆಸಿ ದೊಡ್ಡವರನ್ನಾಗಿ ಮಾಡಿದ್ದು ಅಪ್ಪನ ಈ ತಂಗಿ, ನಮ್ಮ ಅತ್ತೆ. ಅಪ್ಪನ ಪಕ್ಕದಲ್ಲಿ ನಿಂತು ಗಾಜು ಕತ್ತರಿಸಿ ಕತ್ತರಿಸಿ ಅವರ ಬೆರಳುಗಳ ಗತಿ ಏನಾಗಿದೆ ಅಂತ ನೀನು ನೋಡಿದ್ದೀಯ. ಈಗ ಸೊಂಟ ಮುರಿದು, ಏಳಬೇಕಾದರೆ ಒಬ್ಬರು ಕೈ ಕೊಡಬೇಕು. ಬಾಯಿಗೆ ಮಾತ್ರ ಏನೂ ಆಗಿಲ್ಲ. ನಾನೇ ಕೊನೆಗೆ ಕೇಳಿದೆ, ಅತ್ತೆ ಎಲ್ಲಿರುತ್ತಾರೆ ಅಂತ. ಅತ್ತಿಗೆ, "ಆ ಬಾಯಿ ಇರೋ ಮನೇಲಿ ನಾನಿರಲ್ಲಮ್ಮ" ಅಂದು ಎದ್ದು ಹೋದರು. ಅಣ್ಣ ಕಿಟಕಿ ನೋಡುತ್ತಾ ಕೂತ.

ನನ್ನ ಮನೆ ನಿನಗೆ ಗೊತ್ತೇ ಇದೆ. ಇವರ ಅಮ್ಮ ಮಲಗುವುದೇ ಅಡುಗೆಮನೆಯಲ್ಲಿ. ನಾನು ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಬರುವುದು ಕತ್ತಲಾದ ಮೇಲೆ.

ನಿನ್ನ ಪಕ್ಕದ ಕೋಣೆಯಲ್ಲಿದ್ದ ಕ್ರೇನ್ ಡ್ರೈವರ್ ಖಾಲಿ ಮಾಡಿದ ಅಂದಿದ್ದೆಯಲ್ಲ, ಅಲ್ಲಿಗೆ ಯಾರಾದರೂ ಬಂದರಾ? ಸುಮ್ಮನೆ ಕೇಳಿದೆ.

ನಿನ್ನ ಅಕ್ಕ


ಫೆಬ್ರವರಿ ೧೩

ಅಕ್ಕಾ,

ನಿನ್ನ ಪತ್ರ ಓದಿ ಅಣ್ಣನ ಮೇಲೆ ಮೈಯೆಲ್ಲ ಉರಿಯಿತು. ಆಮೇಲೆ ತಣ್ಣಗೆ ಕೂತು ಯೋಚಿಸಿದೆ. ಇಂಥದ್ದಕ್ಕೆ ದಾರಿ ಹುಡುಕುವುದೇ ನನ್ನ ಹೊಟ್ಟೆಪಾಡು, ಮನೆಯ ವಿಷಯಕ್ಕೆ ಯಾಕೆ ಬುದ್ಧಿ ಓಡಬಾರದು?

ನಾನು ಇಲ್ಲಿ ಏನು ಮಾಡುತ್ತೇನೆ ಅಂತ ನೀನು ಯಾವಾಗ ಕೇಳಿದರೂ ಹರಾಜಿನ ಗೋದಾಮಿನ ಕೆಲಸ ಅಂತ ಹೇಳಿ ಮುಗಿಸಿದ್ದೇನೆ. ಇಲ್ಲಿ ನನ್ನನ್ನು ಕರೆಯುವುದೇ ಲಾಟ್ ಮಾಸ್ತರು ಅಂತ. ಮುಚ್ಚಿದ ಆಫೀಸು, ಮುಳುಗಿದ ಹೋಟೆಲು, ಎಲ್ಲದರ ಸಾಮಾನೂ ನಮ್ಮ ಗೋದಾಮಿಗೆ ಬಂದು ಬೀಳುತ್ತದೆ. ಅದನ್ನು ಗುಂಪು ಗುಂಪಾಗಿ ಜೋಡಿಸುವವನು ನಾನು. ಒಂದೊಂದು ಗುಂಪು ಒಂದೊಂದು ಲಾಟ್. ಸುಲಭ ಅಂದುಕೊಳ್ಳಬೇಡ. ಒಳ್ಳೆಯ ಫ್ಯಾನು ಬಂದರೆ ಅದನ್ನು ಒಂಟಿಯಾಗಿ ಇಡುವವನು ದಡ್ಡ. ಫ್ಯಾನಿನ ಜೊತೆಗೆ ಒಂದು ಡಬ್ಬದ ತುಂಬಾ ಒಡೆದ ತಟ್ಟೆ, ಕಾಲು ಮುರಿದ ಸ್ಟೂಲು ಸೇರಿಸಬೇಕು. ಫ್ಯಾನು ಬೇಕಾದವನು ಅದನ್ನೂ ಹೊತ್ತುಕೊಂಡೇ ಹೋಗಬೇಕು. ಒಡೆದ ತಟ್ಟೆಯನ್ನು ಬೇರೆ ಇಟ್ಟರೆ ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುವುದಿಲ್ಲ. ನಮ್ಮ ಸಾಹೇಬರು ಹೇಳುತ್ತಿದ್ದರು, ಇಂಗ್ಲಿಷಿನವರು ಲಾಟ್ ಅನ್ನುವ ಮಾತನ್ನು ಬೇಕಾದಷ್ಟು, ಬೇಜಾನ್ ಅನ್ನುವುದಕ್ಕೂ ಬಳಸುತ್ತಾರಂತೆ. ಪ್ರೀತಿಯೂ ಒಂದು ಲಾಟ್, ಥ್ಯಾಂಕ್ಸೂ ಒಂದು ಲಾಟ್! ಅವರಿಗೆ ಬೇಕಾದಷ್ಟು ಎಂದಾದರೆ ನಮಗೆ ಬೇಕಾದದ್ದೂ ಬೇಡದ್ದೂ ಸೇರಿದ್ದು.

ಈಗ ನನ್ನ ಲೆಕ್ಕ ಕೇಳು. ಅಂಗಡಿಯನ್ನು ಬೇರೆ, ಮಹಡಿಯನ್ನು ಬೇರೆ ಮಾಡಬೇಡಿ. ಅಂಗಡಿ, ಮಹಡಿ, ಅತ್ತೆ ಮೂರೂ ಸೇರಿ ಒಂದೇ ಲಾಟ್. ನಾನು ನೀನು ಪಾಲು ಬಿಟ್ಟುಕೊಡೋಣ. ಎಲ್ಲವನ್ನೂ ಅಣ್ಣನೇ ತೆಗೆದುಕೊಳ್ಳಲಿ, ಅತ್ತೆಯ ಕೊನೆತನಕ ನೋಡಿಕೊಳ್ಳಲಿ. ಆ ಮೂಲೆ ಅಂಗಡಿಗೆ ಅವನ ಬಾಯಲ್ಲಿ ನೀರೂರುತ್ತಿದೆ. ಒಪ್ಪದೆ ಎಲ್ಲಿಗೆ ಹೋಗುತ್ತಾನೆ?

ಇಲ್ಲಿ ಚಳಿ ಜಾಸ್ತಿ. ಕೆಮ್ಮು ಬಿಟ್ಟಿಲ್ಲ.

ನಿನ್ನ ತಮ್ಮ


ಫೆಬ್ರವರಿ ೨೧

ತಮ್ಮಾ,

ಅತ್ತೆಯನ್ನು ಒಡೆದ ತಟ್ಟೆಯ ಸಾಲಿನಲ್ಲಿ ಕೂರಿಸಿದೆಯಲ್ಲೋ, ನಿನಗೆ ಹೇಗೆ ಮನಸ್ಸು ಬಂತು? ಎರಡು ದಿನ ನಿನ್ನನ್ನು ಬೈಯುತ್ತಾ ಓಡಾಡಿದೆ. ಮೂರನೆಯ ದಿನ ಬೇರೇನೂ ತೋಚಲಿಲ್ಲ.

ಲಾಟ್ ಎನ್ನುವ ಮಾತು ನಮ್ಮ ಕಾರ್ಖಾನೆಯಲ್ಲೂ ಉಂಟು, ಆದರೆ ಅದನ್ನು ಕೇಳಿದರೆ ನಮಗೆ ಎದೆ ಧಸಕ್ಕೆನ್ನುತ್ತದೆ. ನಾನು ಶರ್ಟುಗಳನ್ನು ಚೆಕ್ ಮಾಡುವವಳು. ಒಟ್ಟಿಗೆ ಹೊಲಿದ ಒಂದು ಲಾಟಿನಿಂದ ಕೊಳ್ಳುವವರು ಅಲ್ಲೊಂದು ಇಲ್ಲೊಂದು ಶರ್ಟು ಎಳೆದು ನೋಡುತ್ತಾರೆ. ಅದರ ಕಾಲರಿನ ಹೊಲಿಗೆ ಸೊಟ್ಟಗಿದ್ದರೆ ಆಯಿತು, ಇಡೀ ಲಾಟ್ ವಾಪಸ್. ಉಳಿದವು ಎಷ್ಟು ಚೆನ್ನಾಗಿದ್ದರೂ ಬಿಚ್ಚಿ ಕೂರಬೇಕು. ಹಾಗಾಗಿ ಕೆಟ್ಟದ್ದನ್ನು ಒಳ್ಳೆಯದರ ಜೊತೆ ದಾಟಿಸಬಹುದು ಅನ್ನುವುದು ನನಗೆ ಸುಲಭಕ್ಕೆ ನಂಬಿಕೆಯಾಗುವುದಿಲ್ಲ. ಕೆಟ್ಟದ್ದು ಅಂದೆನಲ್ಲ, ನೋಡು, ನಿನ್ನ ಗಾಳಿ ನನಗೂ ತಗುಲಿತು.

ಅಣ್ಣನಿಗೆ ಹೇಳಿದೆ. ಎರಡನೆಯ ಮಾತಿಲ್ಲದೆ ಒಪ್ಪಿಕೊಂಡ. "ಇಷ್ಟೇ ತಾನೇ? ನಾನೇನು ಅತ್ತೇನ ಬೀದಿಗೆ ಹಾಕ್ತೀನಾ?" ಅಂದು ಟೀ ಕುಡಿದ. ಹತ್ತು ರೂಪಾಯಿ ತರಕಾರಿಗೆ ಅರ್ಧ ಗಂಟೆ ಚೌಕಾಸಿ ಮಾಡುವವನು!

ಎಂದಿನಂತೆ ಅತ್ತೆ ನಿನ್ನ ಪತ್ರ ಓದು ಅಂದರು. ಕೆಮ್ಮಿನದನ್ನು ಮಾತ್ರ ಓದಿದೆ. "ಇಷ್ಟು ದಪ್ಪ ಕವರಿನಲ್ಲಿ ಬರೀ ಕೆಮ್ಮು ಕಳಿಸಿದ್ನಾ?" ಅಂದರು.

ನನ್ನ ಪಾಲಿನ ಬಗ್ಗೆ ನೀನು ಯೋಚಿಸಬೇಡ. ನನಗೇನೂ ಅವಸರವಿಲ್ಲ. ಇವರು ಸದ್ಯಕ್ಕೆ ಮನೆಯಲ್ಲೇ ಇದ್ದಾರೆ.

ಅಕ್ಕ


ಮಾರ್ಚ್ ೩

ಅಕ್ಕಾ,

ಚೌಕಾಸಿ ಮಾಡದೆ ಒಪ್ಪಿದ ಅಂದರೆ ಎಷ್ಟು ಬೇಕಾಗಿತ್ತು ನೋಡು ಅವನಿಗೆ! ಹರಾಜಿನಲ್ಲಿ ಅಂಥ ಗಿರಾಕಿಯೇ ದೇವರು. ನೀನು ಅನುಮಾನ ಬಿಡು. ನನ್ನ ಸಹಿ ಹಾಕಿದ ಕಾಗದ ಇದರ ಜೊತೆಗಿದೆ.

ಭಾವನಿಗೆ ರಜೆ ಸಿಕ್ಕಿದ್ದು ಒಳ್ಳೆಯದಾಯಿತು, ಪಾಪ, ವರ್ಷವೆಲ್ಲ ದುಡಿದವರು. ಚೆನ್ನಾಗಿ ನಿದ್ದೆ ಮಾಡಲಿ. ಈ ಸಲ ನನಗೂ ಸಮಾಧಾನದ ನಿದ್ದೆ ಬಂತು. ಮನೆಗೆ ನಾನೂ ಒಂದು ಉಪಕಾರ ಮಾಡಿದೆ ಅನ್ನಿಸಿತು.

ತಮ್ಮ


ಏಪ್ರಿಲ್ ೯

ತಮ್ಮಾ,

ಎಲ್ಲ ಮುಗಿಯಿತು. ಬೋರ್ಡು ಬಂತು, ಅದರಲ್ಲಿ ಕೆಂಪು ಕಾರಿನ ಚಿತ್ರ. ಅಪ್ಪನ ಕಟ್ಟಿನ ಪಟ್ಟಿಗಳನ್ನೆಲ್ಲ ಗುಜರಿಯವನು ಒಯ್ದ. ಗಾಜು ಕತ್ತರಿಸುವ ಮೇಜನ್ನು ಮಾತ್ರ ಅತ್ತೆ ಹಟ ಹಿಡಿದು ಮಹಡಿಗೆ ಹೊರಿಸಿಕೊಂಡರು. ಅದರ ಮೇಲೆ ಈಗ ಅವರ ಔಷಧಿ, ಕನ್ನಡಕ, ನೀರಿನ ಲೋಟ.

ದಿನಕ್ಕೆರಡು ಸಲ ಒಬ್ಬ ಹೆಂಗಸು ಬಂದು ಎಬ್ಬಿಸಿ ಸ್ನಾನ ಮಾಡಿಸಿ ಹೋಗುತ್ತಾಳೆ. ಅಣ್ಣನೇ ಗೊತ್ತು ಮಾಡಿದ್ದು. ನಿಜ ಹೇಳಬೇಕೆಂದರೆ ನನ್ನ ಅನುಮಾನಕ್ಕೆ ನಾನೇ ನಾಚಿಕೊಂಡೆ. ಅತ್ತೆ ಕಿಟಕಿಯ ಬಳಿ ಕೂತು ಕಲಿಯುವವರ ಮೇಲೆಲ್ಲ ಕಣ್ಣಿಡುತ್ತಾರೆ. "ಆ ದಪ್ಪ ಮೇಷ್ಟ್ರು ಕೂಗೋದು ಕೇಳಿ ಕೇಳಿ ನನಗೂ ಗೇರು ಬಾಯಿಪಾಠ ಆಯ್ತು ಕಣೇ. ಸೊಂಟ ಒಂದು ನೆಟ್ಟಗಿದ್ದಿದ್ರೆ ಇಷ್ಟೊತ್ತಿಗೆ ಲಾರಿ ಓಡಿಸ್ತಿದ್ದೆ" ಅಂದರು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು. ಅಪ್ಪ ಹೋದ ಮೇಲೆ ಹಾಗೆ ನಕ್ಕಿದ್ದು ಅವತ್ತೇ.

ಹೊರಡುವಾಗ, "ನಿನ್ನ ಪಾಲು ಏನು ಮಾಡಿದೆ?" ಅಂತ ಕೇಳಿದರು. ಬ್ಯಾಂಕಿನಲ್ಲಿದೆ ಅಂದೆ. ನನ್ನ ಮುಖವನ್ನೇ ನೋಡುತ್ತಾ ಕೂತರು. ಅತ್ತೆಯ ಎದುರು ಸುಳ್ಳು ಹೇಳುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಲ್ಲ.

ಅಕ್ಕ


ಜೂನ್ ೨೦

ಅಕ್ಕಾ,

ನಿನ್ನ ಪತ್ರಕ್ಕೆ ಕೂಡಲೇ ಬರೆಯಲಾಗಲಿಲ್ಲ. ಹಡಗಿನ ಕಂಪನಿಯೊಂದು ಮುಚ್ಚಿ ಬೆಟ್ಟದಷ್ಟು ಸಾಮಾನು ಬಂದು ಬಿದ್ದಿತು. ಲಾರಿ ಓಡಿಸುವ ಅತ್ತೆಯ ಕಥೆಯನ್ನು ಇಲ್ಲಿ ಎಲ್ಲರಿಗೂ ಹೇಳಿದೆ. ಆಮೇಲೆ ನಿನ್ನ ಸುದ್ದಿ ಬಂದೇ ಇಲ್ಲ. ಸುದ್ದಿಯಿಲ್ಲ ಅಂದರೆ ಎಲ್ಲ ನೆಟ್ಟಗಿದೆ ಅಂತ ಅಂದುಕೊಂಡಿದ್ದೇನೆ.

ತಮ್ಮ


ಆಗಸ್ಟ್ ೨

ತಮ್ಮಾ,

ಎಲ್ಲರೂ ಇದ್ದೇವೆ. ಕಾರ್ಖಾನೆಯಲ್ಲಿ ಎರಡು ಪಾಳಿ ಮಾಡುತ್ತಿದ್ದೇನೆ, ಬರೆಯಲು ಹೊತ್ತು ಸಿಗುವುದಿಲ್ಲ. ಅತ್ತೆಯನ್ನು ಭಾನುವಾರ ನೋಡಿಬಂದೆ. ಈಗ ಅವರು ಯಾರನ್ನೂ ಬೈಯುವುದಿಲ್ಲ. ಕೊಟ್ಟದ್ದು ಊಟ ಮಾಡುತ್ತಾರೆ.

ಮಗಳಿಗೆ ಶಾಲೆಯಲ್ಲಿ ನಿನ್ನ ಲಾಟ್ ಬಂದಿದೆ. ಅದನ್ನಿಟ್ಟುಕೊಂಡು ವಾಕ್ಯ ಮಾಡಬೇಕಂತೆ. ಹಣೆಬರಹಕ್ಕೂ ಇಂಗ್ಲಿಷಿನಲ್ಲಿ ಅದೇ ಮಾತಂತೆ, ಅವಳ ಟೀಚರ್ ಹೇಳಿದರಂತೆ. ಮಾಮನಿಗೆ ಬರಿ ಅಂದಳು, ಬರೆದೆ.

ಅಕ್ಕ


ಆಗಸ್ಟ್ ೧೨

ಅಕ್ಕಾ,

ಅತ್ತೆ ಯಾರನ್ನೂ ಬೈಯುವುದಿಲ್ಲವೇ? ಅಣ್ಣ ಅತ್ತಿಗೆ ಅದ್ಯಾವ ಮಂತ್ರ ಹಾಕಿದರು? ಕೊನೆಗೂ ಮನಸ್ಸಿಗೆ ನೆಮ್ಮದಿ ಸಿಕ್ಕಿತಲ್ಲ, ನನಗೆ ಅದಕ್ಕಿಂತ ಬೇರೆ ಬೇಡ. ನಾನು ಕಟ್ಟಿದ ಲಾಟ್‌ಗಳಲ್ಲೆಲ್ಲ ಇದೇ ಒಳ್ಳೆಯದು ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮಗಳಿಗೆ ಹೇಳು, ಮಾಮ ಅದೇ ಮಾತಿನ ಅನ್ನ ತಿನ್ನುತ್ತಿದ್ದಾನೆ ಅಂತ.

ನೀನು ಎರಡು ಪಾಳಿ ಯಾಕೆ ಮಾಡುತ್ತೀ? ಭಾವ ಇದ್ದಾರಲ್ಲ?

ತಮ್ಮ


ಸೆಪ್ಟೆಂಬರ್ ೧

ತಮ್ಮಾ,

ನಿನ್ನ ಪತ್ರ ಓದಿ ಹರಿದು ಹಾಕಿದೆ. ನಿನ್ನ ತಪ್ಪಲ್ಲ, ನಾನೇ ಮುಚ್ಚಿಟ್ಟು ಬರೆದೆ. ಈಗ ಬಿಚ್ಚಿ ಬರೆಯುತ್ತೇನೆ.

ಮೇ ತಿಂಗಳ ಕೊನೆಗೆ ಒಂದು ದಿನ ಹೋದರೆ ಮಹಡಿಯಲ್ಲಿ ಹೊಲಿಗೆ ಮಿಷನ್ನುಗಳ ಸಾಲು. ಹೊಲಿಗೆ ಕ್ಲಾಸಿಗೆ ಬಾಡಿಗೆ ಕೊಟ್ಟಿದ್ದಾನೆ. ಅತ್ತೆಯ ಮಂಚವಿದ್ದ ಕಡೆ ಒಬ್ಬಳು ಹುಡುಗಿ ಬಟನ್ ಹಚ್ಚುತ್ತಿದ್ದಳು. ಮೇಜು ಮೆಟ್ಟಿಲ ಕೆಳಗೆ ಬಿದ್ದಿತ್ತು. ಅಣ್ಣ ನನ್ನ ಮುಖ ನೋಡಿ, "ಕೂಗಾಡಬೇಡ. ಒಳ್ಳೆ ಜಾಗಕ್ಕೇ ಸೇರಿಸಿದ್ದೀನಿ. ನೋಡ್ಕೊಳ್ತೀನಿ ಅಂದಿದ್ದೆ, ನೋಡ್ಕೊಳ್ತಿಲ್ವಾ? ತಿಂಗಳು ತಿಂಗಳೂ ನಾನೇ ಕಟ್ತಿರೋದು" ಅಂದ.

ಆ ಒಳ್ಳೆಯ ಜಾಗ ಬಸ್ಸಿನ ಕೊನೆಯ ಸ್ಟಾಪಿನಿಂದಾಚೆ ಇದೆ. ಒಂದು ಉದ್ದನೆಯ ಕೋಣೆ, ಗೋಡೆಯ ಎರಡೂ ಬದಿಗೆ ಮಂಚಗಳು, ಒಂದೇ ಒಂದು ಎತ್ತರದ ಕಿಟಕಿ. ಕೂತರೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಹೊಲಸೇನೂ ಇಲ್ಲ, ಊಟಕ್ಕೂ ಕೊರತೆಯಿಲ್ಲ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಒಯ್ಯುವ ದಿನ ಅವರು ಒಲ್ಲೆ ಅಂದರಂತೆ. ಆಗ ಅಣ್ಣ ಸಿಟ್ಟಿನಲ್ಲಿ ಎಲ್ಲ ಹೇಳಿಬಿಟ್ಟಿದ್ದಾನೆ. ಅಂಗಡಿ ಬೇಕಾಗಿತ್ತು, ಅವರನ್ನೂ ಅದರ ಜೊತೆ ಕಟ್ಟಿಕೊಳ್ಳದಿದ್ದರೆ ನಾವಿಬ್ಬರೂ ಕೊಡುತ್ತಿರಲಿಲ್ಲ ಅಂತ. ಹಾಗಾಗಿ ಅವರಿಗೆ ಗೊತ್ತು. ನಾವು ಮೂವರೂ ಏನು ಮಾಡಿದೆವು ಅಂತ ಗೊತ್ತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಇವರಿಗೆ ರಜೆಯಲ್ಲ, ಕೆಲಸ ಹೋಗಿದೆ, ಜನವರಿಯಲ್ಲೇ. ಪಾಲು ಬಂದಿದ್ದರೆ ಒಂದು ಸಣ್ಣ ಅಂಗಡಿ ಇಡಬಹುದಿತ್ತು. ಬಿಟ್ಟುಕೊಟ್ಟೆ ಅಂತ ಗೊತ್ತಾದ ದಿನದಿಂದ ಇವರು ನನ್ನ ಜೊತೆ ಮಾತಾಡುವುದು ಅಷ್ಟಕ್ಕಷ್ಟೆ. ಈಗ ಅತ್ತೆಯನ್ನು ಈ ಮನೆಗೆ ತರುತ್ತೇನೆ ಎನ್ನಲು ನನಗೆ ಬಾಯಿಲ್ಲ.

ಒಂದು ಕೇಳುತ್ತೇನೆ, ನಿಜ ಹೇಳು. ಫ್ಯಾನಿಗೋಸ್ಕರ ಲಾಟ್ ಕೊಂಡವನು ಆ ಒಡೆದ ತಟ್ಟೆಗಳನ್ನು ಏನು ಮಾಡುತ್ತಾನೆ? ನೀನು ಅದನ್ನು ಬರೆಯಲೇ ಇಲ್ಲ.

ಅಕ್ಕ


ಅಕ್ಟೋಬರ್ ೧೭

ಅಕ್ಕಾ,

ಎಷ್ಟು ಸಲ ಬರೆಯಲು ಕೂತೆನೋ. ಬರೆದು ಹರಿದು, ಬರೆದು ಹರಿದು ಇಷ್ಟು ದಿನವಾಯಿತು.

ಬಿಟ್ಟು ಹೋಗುತ್ತಾನೆ. ಇದೇ ಉತ್ತರ. ಗೇಟು ದಾಟುವ ಮೊದಲೇ ಫ್ಯಾನು ಎತ್ತಿಕೊಂಡು ಉಳಿದದ್ದನ್ನು ಗೋಡೆಯ ಬುಡಕ್ಕೆ ತಳ್ಳಿ ಹೋಗುತ್ತಾನೆ. ಕಾವಲಿನವನು ಎರಡು ಸಲ ಕೂಗುತ್ತಾನೆ, ಆಮೇಲೆ ಅವನೂ ಬೀಡಿ ಹಚ್ಚುತ್ತಾನೆ. ಸೋಮವಾರ ಕಸದ ಲಾರಿ ಬರುತ್ತದೆ. ನಾವು ಹೊಸಬರಿಗೆ ಇದನ್ನು ಹೇಳುವುದೂ ಇಲ್ಲ, ಯಾಕೆಂದರೆ ಗೋದಾಮಿನ ಲೆಕ್ಕದಲ್ಲಿ ಅದು ಮಾರಾಟವಾಗಿ ಹೋಗಿರುತ್ತದೆ.

ನನಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ದಿನಾ ಆ ಗೋಡೆ ದಾಟಿಯೇ ಮನೆಗೆ ಹೋಗುವವನು ನಾನು. ಸಾಮಾನಿನ ಮಾತು ಬೇರೆ, ಅಣ್ಣ ಎಷ್ಟಾದರೂ ಅವರ ಕೈಯಲ್ಲಿ ಉಂಡವನು ಅಂದುಕೊಂಡೆ. ಹಾಗೆ ಅಂದುಕೊಂಡರೆ ನನಗೆ ಅನುಕೂಲವಿತ್ತು. ಕ್ರೇನ್ ಡ್ರೈವರನ ಕೋಣೆಗೆ ಯಾರೂ ಬಂದಿರಲಿಲ್ಲ ಅಕ್ಕಾ. ನೀನು ಸುಮ್ಮನೆ ಕೇಳಿದ್ದಲ್ಲ ಅಂತ ಅವತ್ತೇ ಗೊತ್ತಾಗಿತ್ತು. ಇವತ್ತಿಗೂ ಅದು ಖಾಲಿ.

ಅತ್ತೆಯನ್ನು ನಾನು ಕರೆದುಕೊಂಡು ಬರುತ್ತೇನೆ. ಮನೆ ಮಾಲೀಕನಿಗೆ ಹೇಳಿದ್ದೇನೆ. ನೆಲ ತೊಳೆದೆ. ಕಿಟಕಿ ತೆರೆದರೆ ರೈಲು ಹಳಿ, ಆಚೆಗೆ ಕ್ರೇನು, ದಿನವಿಡೀ ನೋಡಲು ಏನಾದರೂ ಇರುತ್ತದೆ. ಬೈಯಲು ನಾನಿದ್ದೇನೆ. ನವೆಂಬರ್ ಮೊದಲ ವಾರದಲ್ಲಿ ಬರುತ್ತೇನೆ. ಅವರಿಗೆ ಈ ಪತ್ರವನ್ನು ಪೂರ್ತಿ ಓದಿ ಹೇಳು.

ತಮ್ಮ


ಅಕ್ಟೋಬರ್ ೩೦

ತಮ್ಮಾ,

ಓದಿದೆ. ಒಂದಕ್ಷರ ಬಿಡದೆ ಓದಿದೆ, ಗೋಡೆಯ ಬುಡದ ಮಾತನ್ನೂ ಬಿಡಲಿಲ್ಲ. ನಿನ್ನ ಪತ್ರ ಬಂದ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ ಬಸ್ಸಿನಲ್ಲಿ ಪಕ್ಕದವಳಿಗೆ, ನನ್ನ ತಮ್ಮ ಬರುತ್ತಾನೆ ಅಂತ ಹೇಳಿದೆ. ಯಾರೋ ಏನೋ, ಪಾಪ, ಅವಳೂ ನಕ್ಕಳು.

ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು. ಮುಗಿದ ಮೇಲೆ, "ನನ್ನ ಜೊತೆಗೆ ಅವನಿಗೆ ಏನು ಕೊಡ್ತಿದ್ದೀರಾ?" ಅಂದರು.

"ಏನೂ ಇಲ್ಲ ಅತ್ತೆ."

"ಏನೂ ಇಲ್ವಾ?"

"ಇಲ್ಲ. ನೀವೊಬ್ಬರೇ."

"ಹಾಗಾದ್ರೆ ಅವನು ಬರೋದಿಲ್ಲ ಬಿಡು" ಅಂದು ಗೋಡೆಯ ಕಡೆ ತಿರುಗಿದರು.

ನನಗೆ ಅಲ್ಲೇ ಅಳು ಬಂತು. ಆದರೆ ಮುಂದಿನದ್ದು ಕೇಳು. ನಿನ್ನೆ ಹೋದಾಗ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಚಪ್ಪಲಿ ಹಾಕಿಕೊಂಡಿದ್ದಾರೆ. ಯಾಕೆ ಅಂದರೆ ಕಾಲು ತಣ್ಣಗಾಗುತ್ತದೆ ಅಂದರು. ಆಯಾ ಹೇಳಿದಳು, ನಾನು ಪತ್ರ ಓದಿ ಹೋದ ಸಂಜೆಯಿಂದಲೂ ಹೀಗೇ, ಮಲಗುವಾಗ ಬಿಚ್ಚಲು ಹೋದರೆ ಕೈ ತಳ್ಳುತ್ತಾರಂತೆ. ಅವಳಿಗೆ ಚೆನ್ನಾಗಿ ಬೈದೂ ಬೈದಿದ್ದಾರೆ. ಅದನ್ನು ಕೇಳಿ ನನಗೆ ಜೀವ ಬಂತು.

ಬೇಗ ಬಾ. ಮೊದಲ ವಾರ ಅಂದಿದ್ದೀಯ, ಮೊದಲ ದಿನವೇ ಬಾ.

ಅಕ್ಕ


ನವೆಂಬರ್ ೧೯

ಅಕ್ಕಾ,

ನೀನು ದಾರಿ ಕಾಯುತ್ತಿರುತ್ತೀ ಅಂತ ಗೊತ್ತು. ಮೊದಲ ವಾರ ಹೊರಟೇ ಇದ್ದೆ. ಅಷ್ಟರಲ್ಲಿ ಒಂದು ಆಸ್ಪತ್ರೆಯ ಹಳೆಯ ಸಾಮಾನೆಲ್ಲ ಬಂತು, ಸಾಹೇಬರು ರಜೆ ಕೊಡಲಿಲ್ಲ. ಮಾಲೀಕನೂ ಈಗ ಒಂದು ರಾಗ ತೆಗೆದಿದ್ದಾನೆ, ವಯಸ್ಸಾದವರು ಮೆಟ್ಟಿಲಲ್ಲಿ ಬಿದ್ದರೆ ಯಾರು ಹೊಣೆ ಅಂತ. ನಾನು ಹಗಲೆಲ್ಲ ಗೋದಾಮಿನಲ್ಲಿದ್ದರೆ ಅವರನ್ನು ಎಬ್ಬಿಸುವವರು ಯಾರು, ಅದನ್ನೂ ಯೋಚಿಸಬೇಕಲ್ಲ. ಅವಸರ ಮಾಡಿ ಅಲ್ಲಿಯೂ ಇಲ್ಲ ಇಲ್ಲಿಯೂ ಇಲ್ಲ ಅಂತಾಗಬಾರದು. ಚಳಿ ಕಳೆಯಲಿ. ಅವರ ಸೊಂಟಕ್ಕೆ ಈ ಊರಿನ ಚಳಿ ಆಗಿಬರುವುದಿಲ್ಲ.

ಬರುವುದಂತೂ ಖಂಡಿತ. ಅತ್ತೆಗೆ ನೀನೇ ಹೇಗಾದರೂ ಸಮಾಧಾನ ಹೇಳು. ನಿನ್ನ ಮಾತು ಕೇಳುತ್ತಾರೆ.

ತಮ್ಮ


ನವೆಂಬರ್ ೨೭

ತಮ್ಮಾ,

ಪತ್ರ ತಲುಪಿತು. ಇವತ್ತು ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಕವರನ್ನು ಚೀಲದಿಂದ ತೆಗೆಯುತ್ತಿದ್ದ ಹಾಗೇ ಅತ್ತೆ ನನ್ನ ಮುಖ ನೋಡಿದರು. "ಕೆಲಸ ಜಾಸ್ತಿ ಇದೆಯಂತೆ" ಅಂದೆ. ಉಳಿದದ್ದನ್ನು ಓದು ಅನ್ನಲಿಲ್ಲ.

ಕಾಲು ಮುಂದಕ್ಕೆ ಚಾಚಿದರು. ನಾನು ನೆಲದ ಮೇಲೆ ಕೂತು ಚಪ್ಪಲಿ ಬಿಚ್ಚಿದೆ. ಪಾದ ಊದಿಕೊಂಡು ಪಟ್ಟಿ ಮಾಂಸದೊಳಗೆ ಕೂತುಬಿಟ್ಟಿತ್ತು. ನನಗೆ ತಡೆಯಲಾಗದೆ ನಿನ್ನನ್ನು ಬಾಯಿಗೆ ಬಂದಂತೆ ಬೈಯತೊಡಗಿದೆ. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು.

ಅತ್ತೆ ನನ್ನ ತಲೆಯ ಮೇಲೆ ಕೈ ಇಟ್ಟು, "ಅವನಿಗೆ ಬೈಬೇಡ ಕಣೇ. ಮೂರು ಜನರನ್ನ ಸಾಕಿದೆ. ಕರ್ಕೊಂಡು ಹೋಗ್ತೀನಿ ಅಂತ ಬಾಯಿಮಾತಿಗಾದ್ರೂ ಅಂದವನು ಅವನೊಬ್ಬನೇ" ಅಂದರು.

ಆಮೇಲೆ ಚಪ್ಪಲಿಯನ್ನು ಯಾರಿಗಾದರೂ ಕೊಟ್ಟುಬಿಡು ಅಂದರು. ಮೂರನೆಯ ಮಂಚದ ಹೆಂಗಸು ಇನ್ನೂ ನಡೆದಾಡುತ್ತಾರೆ. ಅವರಿಗೆ ಸರಿಯಾಯಿತು, ಕೊಟ್ಟು ಬಂದೆ.

ಅಕ್ಕ